ಉಜ್ಜಿ ತೆಗೆದ ಮುದ್ರೆ

ಪಾತ್ರೆ ಅಂಗಡಿಯ ಪಾಲಿಶ್ ಚಕ್ರ ತಿರುಗಿದರೆ ಸುಟ್ಟ ಎಣ್ಣೆಯೂ ಬಿಸಿ ಲೋಹವೂ ಬೆರೆತ ವಾಸನೆಯೊಂದು ಏಳುತ್ತದೆ. ಮೊನ್ನೆ ಅಣ್ಣನ ಮಗನ ಜೊತೆ ನಮ್ಮಮ್ಮನ ತಾಮ್ರದ ಹಂಡೆ ಹೊತ್ತು ಹೋದಾಗ ಆ ವಾಸನೆ ಮೂಗಿಗೆ ಬಡಿದದ್ದೇ, ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದೆ. ವಯಸ್ಸಾಯಿತೆಂದು ಅಂಗಡಿಯವನು ನೀರು ಕೊಟ್ಟ. ವಯಸ್ಸೇನೋ ಆಗಿದೆ. ಕಾರಣ ಅದಲ್ಲ.

ಅಣ್ಣ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದವನು. ಎಪ್ಪತ್ತರ ದಶಕದ ಕೊನೆಯಲ್ಲಿ ಕುವೈತಿಗೆ ಹೋಗಿ, ಹಳೇ ಪೇಟೆಯಲ್ಲಿ ಬಂದೂಕು ರಿಪೇರಿ ಅಂಗಡಿ ಸೇರಿದ. ಬಿಳಿಯರ ಸೈನ್ಯ ಬಿಟ್ಟುಹೋದ ರೈಫಲ್ಲುಗಳನ್ನು ಅಲ್ಲಿನ ದೊಡ್ಡಮನುಷ್ಯರು ಗೋಡೆಯ ಚೆಂದಕ್ಕೆ ಕೊಳ್ಳುತ್ತಿದ್ದರು. ಹಿಡಿಯ ಮರ ಮುಗಿದು ಕಬ್ಬಿಣ ಶುರುವಾಗುವಲ್ಲಿ ಕಿರೀಟ, ಕಾರ್ಖಾನೆಯ ಹೆಸರು, ಇಸವಿ ಒತ್ತಿರುತ್ತದೆ. ಆ ಮುದ್ರೆಯಿದ್ದರೇ ಬಂದೂಕಿಗೆ ಬೆಲೆ. ಅಣ್ಣ ಅಲ್ಲಿ ಬೆರಳಾಡಿಸಿ ಅದು ಹುಟ್ಟಿದ ಊರು ಹೇಳುತ್ತಿದ್ದನಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಅವನೇ ನನ್ನನ್ನು ಕರೆಸಿ, ಬ್ನೇದ್ ಅಲ್ ಗಾರ್ ಬಡಾವಣೆಯಲ್ಲಿದ್ದ ತನ್ನ ಯಜಮಾನನ ಮನೆಯಲ್ಲಿ ಅಡುಗೆಗೆ ಹಚ್ಚಿದ. ಯಜಮಾನನ ಅಜ್ಜನ ರೈಫಲ್ಲೊಂದು ಅಲ್ಲಿ ಗೋಡೆಯ ಮೇಲಿತ್ತು. ಎಣ್ಣೆ ಹಾಕಲು ಅದನ್ನು ಇಳಿಸಿಟ್ಟ ಅಣ್ಣ, ಏನೋ ತರಲು ಅಂಗಡಿಗೆ ಹೋದ. ನಾನು ಬಗ್ಗಿ ನೋಡಿದೆ. ಕಬ್ಬಿಣದ ಮೇಲೆ ಯಾರದೋ ಹೆಸರು! ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಂಗ್ಲಿಷ್ ಅಕ್ಷರ ಇರುವೆ ಸಾಲಿದ್ದಂತೆ. ಹಳೇ ಪಾತ್ರೆ ಕೊಂಡರೆ ನಾವೇನು ಮಾಡುತ್ತೇವೆ, ನೀವೇ ಹೇಳಿ? ಹಿಂದಿನವರ ಹೆಸರು ತೆಗೆಸಿ ನಮ್ಮದು ಕೊರೆಸುತ್ತೇವೆ. ಇಲ್ಲದಿದ್ದರೆ ಕದ್ದ ಮಾಲು ಅನ್ನುತ್ತಾರೆ. ಅಣ್ಣನಿಗೆ ಅರ್ಧ ಕೆಲಸ ಉಳಿಸೋಣವೆಂದು ಎಮರಿ ಕಾಗದ ಹಿಡಿದು ಮಧ್ಯಾಹ್ನವಿಡೀ ಉಜ್ಜಿದೆ. ಸುಟ್ಟ ಎಣ್ಣೆಯ, ಬಿಸಿ ಲೋಹದ ಅದೇ ವಾಸನೆ ಎದ್ದಿತು; ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯಿತು.

ಸಂಜೆ ಯಜಮಾನ ಕೂಗಿದ: "ಯಾರು ಮಾಡಿದ್ದು?"

ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಅಣ್ಣ ನನ್ನ ಉಗುರಿನ ಕಪ್ಪು ನೋಡಿದ.

"ನಾನೇ, ಬಾಬಾ."

ನಾನು ತಟ್ಟೆ ಕೆಳಗಿಟ್ಟು, ಉಗುರುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಸರಿ, ಅದೇ ಮುದ್ರೆ ಮತ್ತೆ ಒತ್ತು. ಖಲಾಸ್."

"ಒತ್ತಲ್ಲ. ಅದು ನಮ್ಮ ದೇಶದ ಈಶಾಪುರದ ಬಂದೂಕು ಕಾರ್ಖಾನೇದು. ನಾನು ಒತ್ತಿದ್ರೆ ಸುಳ್ಳಾಗುತ್ತೆ."

"ಒತ್ತು. ಇಲ್ಲಾ ಊರಿಗೆ ಹೊರಡು."

ಅಣ್ಣ ಹೊರಟ. ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದ: "ಬಾಯಿ ಬಿಟ್ಟೀಯ, ಜೋಕೆ. ಇಬ್ಬರೂ ಹೋದ್ರೆ ಅಮ್ಮನ ಔಷಧಿಗೆ ಯಾರು ಕಳಿಸ್ತಾರೆ?" ಆಮೇಲೆ ನಕ್ಕ. "ಏನು ಉಜ್ಜಿದೀಯೇ ಮಾರಾಯ್ತಿ, ಗುರುತೇ ಇಲ್ಲ!"

ನಾನು ಇನ್ನೂ ಒಂಬತ್ತು ವರ್ಷ ಅಲ್ಲೇ ದುಡಿದೆ. ಊರಲ್ಲಿ ಅವನಿಗೆ 'ಬಂದೂಕು ಕೆಡಿಸಿ ಬಂದವನು' ಎಂಬ ಹೆಸರು ಅಂಟಿತು. ಹೆಸರು ಕೊರೆಯಲು ಯಾರೂ ಪಾತ್ರೆ ಕೊಡದಾದರು. ಸೈಕಲ್ ಪಂಕ್ಚರ್ ಹಾಕುತ್ತಲೇ ತೀರಿಕೊಂಡ. ಔಷಧಿಯ ನೆಪ ಅಮ್ಮನ ಜೊತೆಗೇ ಮುಗಿದಿತ್ತು. ಆಮೇಲಿನ ಮೌನ ಬರೀ ನನ್ನ ಹೇಡಿತನ.

ಮೊನ್ನೆ ಅಂಗಡಿಯವನು ಹಂಡೆ ತಿರುಗಿಸಿ, "ಈ ಹಳೇ ಹೆಸರು ತೆಗೆದುಬಿಡ್ಲಾ ಅಮ್ಮ?" ಅಂದ. ಅಮ್ಮನ ಹೆಸರು, ಅಣ್ಣ ಕೊರೆದದ್ದು.

ಅಣ್ಣನ ಮಗ ನಗುತ್ತಾ, "ಅಪ್ಪ ಇದ್ದಿದ್ರೆ ಬಿಟ್ಟಿ ಉಜ್ಜಿಕೊಡ್ತಿದ್ರು ಅತ್ತೆ. ಕುವೈತಲ್ಲಿ ಅದೇ ತಾನೇ ಮಾಡಿದ್ದು!" ಅಂದ.

ಎದ್ದು ನಿಂತೆ. "ಉಜ್ಜಿದ್ದು ನಾನು ಕಣೋ. ನಿಮ್ಮಪ್ಪ ಆ ಬಂದೂಕಿನ ಒಂದಕ್ಷರವನ್ನೂ ಅಳಿಸಿದವನಲ್ಲ. ಸುಳ್ಳು ಮುದ್ರೆ ಒತ್ತಲ್ಲ ಅಂದದ್ದಕ್ಕೆ ವಾಪಸು ಬಂದ."

ಚಕ್ರ ನಿಂತಿತು. ಗಿರಾಕಿಗಳು ತಿರುಗಿ ನೋಡಿದರು. ಅಣ್ಣನ ಮಗನ ಮುಖ ಸಪ್ಪಗಾಯಿತು. "ಅತ್ತೆ, ಮನೇಲಿ ಮಾತಾಡೋಣ."

"ಮನೇಲಿ ಯಾಕೆ? ನಿಮ್ಮಪ್ಪನ ಹೆಸರು ಹೋದದ್ದು ಈ ಪೇಟೇಲಿ."

ಹಂಡೆಯನ್ನು ಹಾಗೇ ವಾಪಸು ತಂದೆವು, ಕಪ್ಪು ಸಮೇತ. ಪೇಟೆಯಲ್ಲಿ ಇನ್ನೂ ನಾಲ್ಕು ಪಾತ್ರೆ ಅಂಗಡಿಗಳಿವೆ. ದಿನಕ್ಕೊಂದರಂತೆ ಹೋಗಿ ಹೇಳುತ್ತಿದ್ದೇನೆ. ಮಂಡಿ ನೋಯುತ್ತದೆ. ನೋಯಲಿ.