ಮಲಗಿ ಹೋಗುವ ಗಾಡಿ

ಅವರ ಬಲಗೈ ಕಿರುಬೆರಳಿನ ಉಗುರು ಅರ್ಧ ಇಂಚು ಬೆಳೆದಿತ್ತು. ಉಳಿದ ಒಂಬತ್ತನ್ನು ಬುಡಕ್ಕೆ ಕತ್ತರಿಸಿ ಅದೊಂದನ್ನು ಮಾತ್ರ ಜೋಪಾನ ಮಾಡಿದ್ದರು. ಗಿರಾಕಿ ಎಲ್ಲಿ ಸಹಿ ಮಾಡಬೇಕೋ ಅಲ್ಲಿ ಬೇರೆ ಏಜಂಟರು ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ಇವರು ಆ ಉಗುರಿನಿಂದ ಒಂದು ಗೆರೆ ಒತ್ತುತ್ತಿದ್ದರು. ಕಣ್ಣಿಗೆ ಕಾಣುವುದಿಲ್ಲ, ಬೆರಳಾಡಿಸಿದರೆ ತಗ್ಗು ಹತ್ತುತ್ತದೆ. “ಪೆನ್ಸಿಲ್ ಆದ್ರ ಆಮ್ಯಾಲೆ ಅಳಸಬೇಕ್ರಿ. ಇದು ನಮ್ಮಿಬ್ರಿಗಷ್ಟ ಗೊತ್ತು,” ಎನ್ನುತ್ತಿದ್ದರು.

ಗಾಡಿ ಕಾಗದಗಳ ಕೆಲಸ ಮಾಡಿಸಿಕೊಡುವ ಏಜಂಟರು ಅವರು. ಪುಣೆಯಲ್ಲಿ ಒಂದು ಝೆರಾಕ್ಸ್ ಅಂಗಡಿಯ ಬದಿಗೆ ಅವರ ಸ್ಟೂಲು. ಮೂಲ ನಮ್ಮ ವಿಜಯಪುರದ ಕಡೆಯವರೇ, ಇಂಡಿ ಹತ್ತಿರದವರು. ಎಲ್ಲರ ಜೊತೆ ಮರಾಠಿ, ನನ್ನ ಮುಖ ಕಂಡರೆ ಮಾತ್ರ ಕನ್ನಡ: “ಬರ್ರಿ ಸಾವಕಾರ್ರ!” ಸಾವುಕಾರ ಎನಿಸಿಕೊಳ್ಳುವಂಥದ್ದು ಆಗ ನನ್ನಲ್ಲಿ ಏನೂ ಇರಲಿಲ್ಲ. ಬೇರೆಯವರ ಗಾದಿ ಅಂಗಡಿಯಲ್ಲಿ ಹಾಸಿಗೆ ಹೊತ್ತು ಹೊತ್ತು, ಕೊನೆಗೆ ಹಳೆಯ ಮೂರು ಗಾಲಿಯ ಟೆಂಪೋ ಒಂದನ್ನು ಗೊತ್ತುಮಾಡಿಕೊಂಡು ಸ್ವಂತ ವ್ಯಾಪಾರಕ್ಕೆ ಇಳಿಯುವ ತಯಾರಿಯಲ್ಲಿದ್ದೆ. ಟೆಂಪೋ ಮಾರುವವನು ಕೊಟ್ಟ ಕಾಗದವನ್ನು ಇವರು ಒಮ್ಮೆ ನೋಡಿ ನನ್ನ ಕೈ ಹಿಡಿದು ನಿಲ್ಲಿಸಿದರು.

“ನೀವು ಇದ್ರಾಗ ಏನು ಹೇರ್ತೀರಿ?”

“ಗಾದಿ.”

“ಇದು ಮಂದಿ ಕುಂದರ್ಸೂ ಗಾಡಿ ಅಂತ ಬರದದ. ಮೊದಲ ಚೆಕ್‌ಪೋಸ್ಟ್ ನಾಕಾದಾಗ ಹಿಡೀತಾರ ನಿಮ್ಮನ್ನ.”

ಅಲ್ಲೇ ನಿಂತು ನನಗೆ ಪಾಠ ಹೇಳಿದರು. ಟ್ಯಾಕ್ಸ್ ಬೀಳುವುದು ಗಾಡಿಗಿಂತ ಹೆಚ್ಚಾಗಿ ಗಾಡಿಗೆ ಇಟ್ಟ ಹೆಸರಿನ ಮೇಲೆ. “ಮಂದಿ ಕುಂತ್ರ ಸೀಟಿನ ಲೆಕ್ಕ, ಮಾಲು ಹೇರಿದ್ರ ತೂಕದ ಲೆಕ್ಕ, ಮನಿ ಕಾರ್ ಆದ್ರ ಕಿಮ್ಮತ್ತಿನ ಲೆಕ್ಕ. ಅದ ನಾಕು ಗಾಲಿ, ಅದ ಎಂಜಿನ್ನು. ಕೊಳ್ಳೂಕಿಂತ ಮೊದಲ ಹೆಸರು ಕೇಳ್ರಿ.” ಆ ಒಂದು ಮಾತು ಹಿಡಿದುಕೊಂಡು ಹೋಗಿ ಮಾರುವವನ ಬಾಯಿ ಮುಚ್ಚಿಸಿ, ಕಾಗದ ಸರಿ ಮಾಡಿಸುವ ಖರ್ಚನ್ನೂ ಅವನ ತಲೆಗೇ ಕಟ್ಟಿ, ಮೇಲೆ ಬೆಲೆಯನ್ನೂ ಇಳಿಸಿ ಬಂದೆ. ನನ್ನ ಅಂಗಡಿ ಎದ್ದು ನಿಂತದ್ದು ಆ ಟೆಂಪೋ ಮೇಲೆ. ಇದನ್ನು ಬರೆಯದೆ ಮುಂದಿನದನ್ನು ಬರೆದರೆ ನಾನು ಅಪ್ರಾಮಾಣಿಕನಾಗುತ್ತೇನೆ.

ಇಪ್ಪತ್ತು ವರ್ಷ ನನ್ನ ಎಲ್ಲ ಗಾಡಿಗಳ ಕಾಗದ ಅವರ ಕೈಯಲ್ಲೇ ಆದವು. ಪ್ರತಿ ಸಲ ಫೀಗಾಗಿ ಜಗಳ. ಅವರು ಒಂದು ಹೇಳುವುದು, ನಾನು ಅರ್ಧ ಹೇಳುವುದು, ಅವರು ಕಾಗದ ಮಡಚಿ ಚೀಲಕ್ಕೆ ಹಾಕಿಕೊಳ್ಳುವುದು, ನಾನು ಸ್ಕೂಟರಿಗೆ ಕಿಕ್ ಹೊಡೆಯುವುದು, ಅವರು ಹಿಂದಿನಿಂದ ಕೂಗುವುದು.

“ಸಾವಕಾರ್ರ, ನಿಮ್ಮ ಜೋಡಿ ತಂಗಿ ಹೆಂಗ ಬಾಳ್ವಿ ಮಾಡ್ತಾಳ್ರಿ?”

“ಫೀ ಬಿಡ್ರಿ, ಊಟಕ್ಕ ಬರ್ರಿ, ಆಕಿನ್ನೇ ಕೇಳೀರಂತ.”

ಊಟಕ್ಕೂ ಬರುತ್ತಿದ್ದರು. ನನ್ನ ಹೆಂಡತಿ ಅವರನ್ನು ‘ಅಣ್ಣಾರು’ ಎನ್ನುತ್ತಿದ್ದಳು. ಅವರಿಗೆಂದು ರೊಟ್ಟಿಯನ್ನು ತುಸು ಹೆಚ್ಚು ಖಡಕ್ ಸುಡುತ್ತಿದ್ದಳು.

ಸೊಂಟದ ಆಪರೇಷನ್ ಆದ ಮೇಲೆ ಆಕೆಗೆ ಅರ್ಧ ತಾಸಿಗಿಂತ ಹೆಚ್ಚು ಕೂರಲಾಗುವುದಿಲ್ಲ. ಮಲಗಬಹುದು, ನಿಧಾನಕ್ಕೆ ನಡೆಯಬಹುದು. ಕಾರಿನಲ್ಲಿ ಪುಣೆಯ ಅಂಚಿನ ಹಡಪಸರ ದಾಟುವಷ್ಟರಲ್ಲಿ ಅಳು ಬರುತ್ತದೆ. ವಿಜಯಪುರದಲ್ಲಿ ಆಕೆಯ ಅಕ್ಕ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದು ಆರು ವರ್ಷವಾಗಿತ್ತು. ಇವಳು ಹೋಗಲಾರಳು, ಅವರು ಬರಲಾರರು. ದಿನಾ ಫೋನಿನ ಪರದೆಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ‘ಬರ್ತೀನಿ’, ‘ಬಾ’ ಎನ್ನುವುದು. ಅಕ್ಕನ ಮಾತು ದಿನದಿಂದ ದಿನಕ್ಕೆ ತೊದಲುತ್ತಿತ್ತು. ಅದಕ್ಕೇ ನಾನು ಒಂದು ಕ್ಯಾಂಪರ್ ವ್ಯಾನ್ ಮಾಡಿಸಲು ಹೊರಟೆ. ಒಳಗೆ ಮಂಚ, ಸಣ್ಣ ಒಲೆ, ಕೈ ತೊಳೆಯುವ ಜಾಗ. ಜನ ಇದನ್ನು ಮೋಜಿಗೆ ಮಾಡಿಸುತ್ತಾರೆ. ನನಗೆ ಆಕೆಯನ್ನು ಮಲಗಿಸಿಕೊಂಡು ವಿಜಯಪುರ ಮುಟ್ಟಿಸಬೇಕಿತ್ತು, ಅಷ್ಟೇ.

ಏಜಂಟರು ಲೆಕ್ಕ ಬಿಡಿಸಿ ಹೇಳಿದರು. ಕಾರು ಅಂದರೆ ಒಂದು ಟ್ಯಾಕ್ಸು, ಸೀಟಿನ ಬಸ್ಸು ಅಂದರೆ ಇನ್ನೊಂದು, ಕ್ಯಾಂಪರ್ ವ್ಯಾನ್‌ಗೆ ಅದರದೇ ಬೇರೆ ವರ್ಗ, ಬೇರೆ ಲೆಕ್ಕ. “ಕೂತು ಹೋಗೂ ಗಾಡಿಗಿ ಸರಕಾರದ ಹತ್ರ ನೂರು ಹೆಸರು ಅದಾವ್ರಿ. ಮಲಗಿ ಹೋಗೂ ಗಾಡಿಗಿ ನಾಕೈದ.” ಆ ನಾಕೈದರಲ್ಲಿ ಉಳಿದವು ಯಾವುವು ಎಂದು ನಾನು ಕೇಳಲಿಲ್ಲ. ಕ್ಯಾಂಪರ್ ವ್ಯಾನ್ ಹೆಸರಿನಲ್ಲೇ ಆಗಲಿ, ಎಷ್ಟು ಬೀಳುತ್ತದೋ ಅಷ್ಟು ಕಟ್ಟೋಣ ಎಂದು ಟ್ಯಾಕ್ಸಿನ ಪೂರ್ತಿ ಹಣವನ್ನು ಅವರ ಕೈಗೆ ಕೊಟ್ಟೆ. ಚೌಕಾಶಿ ಮಾಡಿದ್ದು ಅವರ ಫೀಯಲ್ಲಿ ಮಾತ್ರ.

ಬಾಡಿ ಕಟ್ಟಿಸಿದ್ದು ರಾಂಜಣಗಾಂವದ ಕಡೆ ಒಬ್ಬ ಬಾಡಿ ಬಿಲ್ಡರನ ಹತ್ತಿರ. ಏಳು ತಿಂಗಳು ಓಡಾಡಿದೆ. ಹಾಸಿಗೆ ನನ್ನದೇ ಅಂಗಡಿಯದು, ಮೂರು ಪದರದ ಫೋಮು. ಹಿಂದಿನ ಬಾಗಿಲು ಅಗಲ ಇರಲಿ ಎಂದವರು ಏಜಂಟರು: “ತಂಗಿಗಿ ಹತ್ತಾಕ ಸಸಾರ ಆಗ್ತದ.” ನೋಂದಣಿಗೆಂದು ಆರ್‌ಟಿಒ ಕಚೇರಿಗೆ ಗಾಡಿ ತೋರಿಸುವ ಮುನ್ನ, “ಒಲಿ, ನಳ ಎಲ್ಲಾ ಆಮ್ಯಾಲೆ ಕೂಡ್ಸ್ರಿ, ಸದ್ಯಾ ಮಂಚ ಅಷ್ಟ ಇರ್ಲಿ” ಎಂದವರೂ ಅವರೇ. ಕಿಟಕಿ ಪರದೆಗೆ ಹೆಂಡತಿ ಎರಡು ಬಟ್ಟೆ ಆರಿಸಿ ಅವರ ಮುಂದೆ ಹಿಡಿದಾಗ ಚಹಾದ ಕಪ್ಪು ಕೆಳಗಿಟ್ಟು, ಎರಡನ್ನೂ ಬೆಳಕಿಗೆ ಹಿಡಿದು ನೋಡಿ, “ಹಸರು ಹಾಕವ್ವಾ, ಕಣ್ಣಿಗಿ ತಂಪು” ಎಂದರು.

ಬಾಡಿ ಮುಗಿದು ಕೆಲವು ವಾರ ಬಿಟ್ಟು ನೋಂದಣಿ ಕಾರ್ಡು ತಂದುಕೊಟ್ಟರು. ನಾನು ಓದದೆ ಯಾವ ಕಾಗದವನ್ನೂ ಕಪಾಟಿಗೆ ಹಾಕುವವನಲ್ಲ. ಗಾಡಿಯ ವರ್ಗ ಎಂಬಲ್ಲಿ ಇಂಗ್ಲಿಷಿನ ಒಂದೇ ಶಬ್ದವಿತ್ತು. ಕೂಡಿಸಿ ಓದಿದೆ. ನಮ್ಮ ಶಾಲೆಯ ಇಂಗ್ಲಿಷಿಗೆ ಅದು ಹತ್ತಲಿಲ್ಲ.

“ಇದು ಹಾರ್ಸ್ ಏನ್ರಿ? ಕುದುರಿ?”

ಅವರು ಕಾರ್ಡನ್ನು ಕೈಗೆ ತೆಗೆದುಕೊಂಡು ನೋಡಿದರು. ನನ್ನನ್ನು ನೋಡಿದರು. “ಹೌದ್ರಿ. ಹಾರ್ಸ್‌ಪವರ್. ಎಂಜಿನ್ನಿನ ತಾಕತ್ತು. ಕಂಪ್ಯೂಟರ್‌ನ್ಯಾಗ ಹಂಗ ಬರ್ತದ.”

ಟ್ಯಾಕ್ಸಿನ ರಸೀದಿ ಕೇಳಿದೆ. ಆನ್‌ಲೈನ್ ಇದೆ, ಕಳಿಸುತ್ತೇನೆ ಎಂದರು. ಹೆಂಡತಿ ಆಗಲೇ ಅಕ್ಕನಿಗೆ ಸೀರೆ ಆರಿಸುತ್ತಿದ್ದಳು. ನಾನೂ ಬಿಟ್ಟುಬಿಟ್ಟೆ.

ಮರುವಾರ ಒಂದು ಬೆಳಿಗ್ಗೆ ಹೊರಟೆವು. ನಾನೇ ಚಾಲಕ. ಇಂದಾಪುರ ಇನ್ನೂ ಸ್ವಲ್ಪ ದೂರ ಇರುವಾಗ ಸಾರಿಗೆ ಇಲಾಖೆಯ ತಪಾಸಣೆಯವರು ಕೈ ಅಡ್ಡ ಮಾಡಿದರು. ವಯಸ್ಸಾದ ಇನ್‌ಸ್ಪೆಕ್ಟರು ಕಾರ್ಡು ನೋಡಿ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಬಹಳ ಮೆತ್ತಗೆ ಕೇಳಿದರು: “ಬಾಡಿ ಕುಠಂ ನೇತಾಯ್?” ಬಾಡಿ ಎಲ್ಲಿಗೆ ಒಯ್ಯುತ್ತಿದ್ದೀರಿ ಎಂದು.

ಬಾಡಿ ಎಂದರೆ ನನ್ನ ತಲೆಯಲ್ಲಿ ರಾಂಜಣಗಾಂವದ ಬಾಡಿ. ಹೆಮ್ಮೆಯಿಂದ ಮರಾಠಿಯಲ್ಲೇ ಹೇಳಿದೆ, “ವಿಜಯಪುರಕ್ಕೆ ಸಾಹೇಬ್ರೆ. ಮೊದಲ ಸಲ ಇಷ್ಟು ದೂರ.”

“ಆಗಿ ಎಷ್ಟು ದಿವಸ ಆಯಿತು?”

“ಎರಡು ತಿಂಗಳು.”

ಅವರು ಒಂದು ಹೆಜ್ಜೆ ಹಿಂದೆ ಸರಿದು ಕರವಸ್ತ್ರ ತೆಗೆದರು. “ಎರಡು ತಿಂಗಳಿಂದ ಇಟ್ಟುಕೊಂಡಿದ್ದೀರಾ?”

“ಸ್ವಂತದ್ದಲ್ಲವೇ ಸಾಹೇಬ್ರೆ. ಎಸಿ ಹಾಕಿಸಿದ್ದೇನೆ. ನೋಡಿ ಬನ್ನಿ, ಖುಷಿಯಾಗುತ್ತೆ,” ಎಂದು ಹಿಂದಿನ ಬಾಗಿಲನ್ನು ಪೂರ್ತಿ ತೆರೆದೆ.

ಬೆಳಕು ಮುಖಕ್ಕೆ ಬಿದ್ದು ಹೆಂಡತಿ ಹೊದಿಕೆ ಸರಿಸಿ ತಲೆ ಎತ್ತಿದಳು. “ಊರು ಬಂತೇನ್ರಿ?”

ಆ ಮನುಷ್ಯ ಕೂಗಿದ ಕೂಗು ಪಕ್ಕದ ಕಬ್ಬಿನ ಟ್ರ್ಯಾಕ್ಟರಿನವನಿಗೂ ಕೇಳಿಸಿತು. ಒಂದು ಗಳಿಗೆ ನಾನು ನಕ್ಕೆ ಕೂಡ. ಆಮೇಲೆ ಅವರು ಕಾರ್ಡಿನ ಮೇಲಿನ ಆ ಶಬ್ದಕ್ಕೆ ಬೆರಳಿಟ್ಟು ಮರಾಠಿಯಲ್ಲಿ ಅರ್ಥ ಹೇಳಿದರು: “ಶವವಾಹಿನಿ.” ಹೆಣ ಸಾಗಿಸುವ ಗಾಡಿ. ಇಂಗ್ಲಿಷಿನಲ್ಲಿ ಹರ್ಸ್ ಅನ್ನುತ್ತಾರಂತೆ. ಸಮಾಜಸೇವೆಗೆಂದು ಅದಕ್ಕೆ ಟ್ಯಾಕ್ಸ್ ಮಾಫಿ ಇತ್ತು. ಅವರು ಫೋನಿನಲ್ಲಿ ತೆಗೆದು ತೋರಿಸಿದ ದಾಖಲೆಯಲ್ಲಿ ‘ಈ ಗಾಡಿಯನ್ನು ಸಮಾಜದ ಶವಸಂಸ್ಕಾರಕ್ಕೆ ಉಚಿತವಾಗಿ ಒದಗಿಸುತ್ತೇನೆ’ ಎಂಬ ಹೇಳಿಕೆ, ಕೆಳಗೆ ನನ್ನದೇ ಸಹಿ. ಉಗುರಿನ ಗೆರೆ ಇದ್ದಲ್ಲೆಲ್ಲ, ಅವರದೆಂದು ಓದದೆ, ನಾನು ಸಹಿ ಮಾಡುತ್ತ ಹೋಗಿದ್ದೆ. ಕಚೇರಿಯವರ ತಪ್ಪೇನೂ ಇರಲಿಲ್ಲ. ಅವರ ಮುಂದೆ ಹೋದ ಕಾಗದ ಹಾಗಿತ್ತು, ಗಾಡಿಯಲ್ಲಿ ಬರೀ ಮಂಚವಿತ್ತು.

ಹೆಂಡತಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ಮಂಚದ ಅಂಚು ಹಿಡಿದು, ನಾನು ಕೈ ಕೊಡುವ ಮೊದಲೇ, ತಾನೇ ಕೆಳಗಿಳಿದಳು. ಗಾಡಿಯನ್ನು ಅಲ್ಲೇ ಜಪ್ತಿ ಮಾಡಿಕೊಂಡರು. ಬಾಡಿಗೆ ಕಾರಿನಲ್ಲಿ ಪುಣೆಗೆ ಮರಳುವಾಗ ಹಿಂದಿನ ಸೀಟಿನಲ್ಲಿ ಹೇಗಾದರೂ ಮುದುಡಿಕೊಂಡು ಮಲಗು ಎಂದೆ. ಮಲಗಲಿಲ್ಲ. ಮೂರು ತಾಸು ಕೂತೇ ಬಂದಳು. ಅದಕ್ಕೆ ಒಂದೂವರೆ ತಿಂಗಳು ಹಾಸಿಗೆ ಹಿಡಿದಳು.

ಮರುದಿನ ಸ್ಟೂಲಿನ ಹತ್ತಿರ ಹೋದೆ. ಅವರಿಗೆ ಆಗಲೇ ಸುದ್ದಿ ಮುಟ್ಟಿತ್ತು.

“ಕುಂದರ್ರಿ ಸಾವಕಾರ್ರ. ಚಾ ತರಸ್ತೀನಿ.”

“ಟ್ಯಾಕ್ಸಿನ ರೊಕ್ಕ ಏನ್ ಮಾಡಿದ್ರಿ?”

“ಖರ್ಚಾತು.” ಚಹಾದವನಿಗೆ ಎರಡು ಬೆರಳು ತೋರಿಸಿ, “ಇಪ್ಪತ್ತು ವರ್ಷ ನನ್ನ ಫೀ ಮುರದೀರಿ. ಒಂದ ಸಲಾನೂ ಹೇಳಿದಷ್ಟು ಕೊಡ್ಲಿಲ್ಲ.”

“ನಿಮ್ಮ ಎದುರಿಗೇ ಮುರದೀನಿ. ನಿಮ್ಮ ಬೆನ್ನ ಹಿಂದ ಒಂದು ರೂಪಾಯಿ ಮುಟ್ಟಿಲ್ಲ.”

ಚಹಾ ಬಂತು. ಅವರು ಒಂದು ಕಪ್ಪನ್ನು ನನ್ನ ಕಡೆ ಸರಿಸಿದರು.

“ಅದನ್ನೂ ಬಿಡ್ರಿ. ಆಕಿ ಮಲಗೂ ಗಾಡಿ ಅಂತ ಗೊತ್ತಿತ್ತಲ್ಲ? ಪರದೆ ಆರಿಸಿಕೊಟ್ರಲ್ಲ? ನಾ ಕಾರ್ಡು ಹಿಡಕೊಂಡು ಕೇಳಿದ್ನಲ್ಲ?”

“ಅಲ್ಲೇ ತಪ್ಪಾತ್ರಿ,” ಎಂದರು ಕಪ್ಪು ನೋಡುತ್ತ. “ನೀವು ಕೇಳೂ ತನಕ ನಾ ನಿಮಗ ಸುಳ್ಳು ಹೇಳಿದ್ದಿಲ್ಲ.”

ಈ ಮಾತನ್ನು ನಾನು ಎಷ್ಟೋ ಸಲ ತಿರುವಿ ನೋಡಿದ್ದೇನೆ. ಮೋಸ ಮಾಡುವವನಿಗೂ ಒಂದು ಲೆಕ್ಕ ಇರುತ್ತದೆ, ಅದರಲ್ಲಿ ಅವನು ಶುದ್ಧನಾಗಿಯೇ ಇರುತ್ತಾನೆ. ಚೌಕಾಶಿ ಬೇರೆ, ಇದು ಬೇರೆ. ಚೌಕಾಶಿಯಲ್ಲಿ ಇಬ್ಬರಿಗೂ ಆಟ ಗೊತ್ತಿರುತ್ತದೆ.

ಮುಂದೆ ಆರ್‌ಟಿಒ ಕೌಂಟರಿಗೆ ನಾನೇ ನಿಂತೆ. ದಂಡ ಕಟ್ಟಿದೆ, ಒಲೆ ನಳ ಕೂಡಿಸಿದ ಗಾಡಿಯನ್ನು ಮತ್ತೆ ತೋರಿಸಿದೆ, ಟ್ಯಾಕ್ಸನ್ನು ಎರಡನೇ ಸಲ ಕಟ್ಟಿದೆ. ಯಾರಾದರೂ ಇಂಥ ಗಾಡಿ ಮಾಡಿಸುವುದಾದರೆ ಕೇಳಿರಿ: ಮೊದಲು ವರ್ಗ ಗೊತ್ತುಮಾಡಿಕೊಳ್ಳಿ, ಆಮೇಲೆ ಬಾಡಿ. ಮಂಜೂರಾತಿ ಇರುವ ಬಿಲ್ಡರನನ್ನೇ ಹಿಡಿಯಿರಿ. ಟ್ಯಾಕ್ಸನ್ನು ನಿಮ್ಮ ಫೋನಿನಿಂದಲೇ ಕಟ್ಟಿ. ವಿಮೆಯ ಕಾಗದದಲ್ಲೂ ಅದೇ ವರ್ಗ ಬಂದಿದೆಯೋ ನೋಡಿ. ಗೊತ್ತಿಲ್ಲದ ಶಬ್ದದ ಅರ್ಥವನ್ನು ಅದರಿಂದ ಲಾಭ ಇಲ್ಲದವರಲ್ಲಿ ಕೇಳಿ. ಇದರಲ್ಲಿ ಅರ್ಧಕ್ಕರ್ಧ ನನಗೆ ಕಲಿಸಿದವರು ಅವರೇ. ಅವರು ಕಟ್ಟಿದ ಗಂಟನ್ನು ಅವರದೇ ವಿದ್ಯೆಯಿಂದ ಬಿಚ್ಚಿದೆ. ಆ ಋಣ ಇದೆ, ಇಲ್ಲವೆನ್ನಲಾರೆ.

ಈ ಓಡಾಟದ ನಡುವೆಯೇ ಏಜಂಟರು ತೀರಿಕೊಂಡರು. ಝೆರಾಕ್ಸಿನವನು ಫೋನು ಮಾಡಿದ. ಎದೆನೋವಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. “ಹೋಗಿ ಬರ್ರಿ,” ಎಂದಳು ಹೆಂಡತಿ. ಅಂಗಡಿಗೆ ಮಾಲು ಬರುವುದಿದೆ ಎಂದೆ. ಅಂದು ಯಾವ ಮಾಲೂ ಬರುವುದಿರಲಿಲ್ಲ. ಅದು ಆಕೆಗೂ ಗೊತ್ತಿತ್ತು.

ಹೊಸ ಕಾರ್ಡು ಬಂದ ವಾರ ಮತ್ತೆ ವಿಜಯಪುರಕ್ಕೆ ಹೊರಡುವುದೆಂದಾಯಿತು. ಅಕ್ಕ ಇನ್ನೂ ಇದ್ದರು, ಆದರೆ ಫೋನಿನಲ್ಲಿ ಈಗ ಮಾತಿಲ್ಲ, ಬರೀ ಕಣ್ಣು ಹೊರಳಿಸುವುದು. ಗಾಡಿಯ ಹಿಂದಿನ ಬಾಗಿಲು ತೆರೆದು ನಿಂತೆ. ಹೆಂಡತಿ ಹತ್ತಲಿಲ್ಲ.

“ಏನಂತ ಬರದದ, ಓದ್ರಿ.”

ಕಾರ್ಡಿನ ಮೇಲೆ ಬೆರಳಿಟ್ಟು ಓದಿದೆ. “ಕ್ಯಾಂಪರ್ ವ್ಯಾನ್.”

ತಲೆಯಾಡಿಸಿದಳು. ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು, ಫೋನಿನಲ್ಲಿ ಅದರ ಫೋಟೋ ಹೊಡೆದು ಕಳಿಸಿ, ಅಕ್ಕನ ಮಗಳಿಗೆ ಫೋನು ಮಾಡಿದಳು. ವಿಜಯಪುರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು ಆಕೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ಓದಿ ಹೇಳಿದ ಯಾವ ಕಾಗದವನ್ನೂ ನನ್ನ ಹೆಂಡತಿ ಇನ್ನೊಬ್ಬರಿಗೆ ತೋರಿಸಿದವಳಲ್ಲ.

“ಕಾಕಾ ಓದಿ ಹೇಳ್ಯಾರವ್ವಾ,” ಎಂದಳು ನನ್ನ ಎದುರಿಗೇ. “ನೀ ಒಮ್ಮೆ ಓದಿ ಹೇಳು.”