ಹಲ್ಲು ತೆಗೆದಿಟ್ಟ ಮೇಲಿನ ಮುಖ

೨೦೦೬ರಲ್ಲಿ ನಾನು ಹಾಸನದ ಒಂದು ಖಾಸಗಿ ಆಸ್ಪತ್ರೆಯ ಉಸಿರಾಟ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿದ್ದೆ. ಸ್ಲೀಪ್ ಆಪ್ನಿಯ, ಅಂದರೆ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ ಇದ್ದವರಿಗೆ ಸಿಪ್ಯಾಪ್ ಯಂತ್ರದ ಮಾಸ್ಕ್ ಹೊಂದಿಸಿಕೊಡುವುದು ನನ್ನ ಕೆಲಸ. ಯಂತ್ರ ಒತ್ತಡದಿಂದ ಗಾಳಿ ಊದಿ ಗಂಟಲನ್ನು ತೆರೆದಿಡುತ್ತದೆ. ಮಾಸ್ಕ್ ಸೋರಿದರೆ ಅಷ್ಟೂ ವ್ಯರ್ಥ.

ಆನೇಮಹಲಿನ ಇಬ್ರಾಹಿಂ ಸಾಹೇಬರು ಬಂದದ್ದು ಆಗಲೇ. ಅರವತ್ತರ ಹತ್ತಿರದ ಅವರು ಒಂದು ಕಾಫಿ ಎಸ್ಟೇಟಿನ ಜೀಪ್ ಡ್ರೈವರ್. ಕೆಲಸದವರನ್ನು ಕೂರಿಸಿಕೊಂಡು ಹೋಗುವಾಗ ರಾತ್ರಿ ಸರಿಯಾಗಿ ನಿದ್ದೆಯಾಗದೆ ಹಾಡಹಗಲೇ ಕಣ್ಣು ಮುಚ್ಚಿ ಜೀಪು ಚರಂಡಿಗೆ ಇಳಿದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೂ ಅವರೇ ಕೀಲಿಯನ್ನು ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ ಕೈಗೆ ಕೊಟ್ಟು ಮನೆ ಸೇರಿದ್ದರು.

ಕುರ್ಚಿಯಲ್ಲಿ ಕೂರಿಸಿ, ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಹಾಕಿ ನೋಡಿದೆ. ಒಂಚೂರೂ ಸೋರಲಿಲ್ಲ. ಹತ್ತೇ ದಿನದಲ್ಲಿ ಹೆಂಡತಿ ಜೈಬುನ್ನಮ್ಮನ ಜೊತೆ ಅವರು ಯಂತ್ರ ವಾಪಸ್ ತಂದರು.

“ಇದು ನಂಗೆ ಆಗಾಕಿಲ್ಲ ಮೇಡಮ್. ಗಾಳಿ ಎಲ್ಲಾ ಕಣ್ಣಿಗೇ ಹೊಡೀತೈತೆ.”

ಮತ್ತೆ ಹಾಕಿ ನೋಡಿದೆ, ಸರಿಯಾಗಿಯೇ ಇತ್ತು. “ಮನೆಯಲ್ಲಿ ಪಟ್ಟಿ ಬಿಗಿಯಾಗಿ ಕಟ್ಟಿಕೊಳ್ಳುತ್ತಿಲ್ಲ ನೀವು” ಎಂದು ಸ್ವಲ್ಪ ಗಡುಸಾಗಿಯೇ ಹೇಳಿಬಿಟ್ಟೆ. ಅವರು ತಲೆ ತಗ್ಗಿಸಿದರು. ಜೈಬುನ್ನಮ್ಮನಿಗೆ ತಡೆಯಲಾಗಲಿಲ್ಲ.

“ಹೇಳಿ ಅಂದ್ರೆ ಹೇಳಲ್ಲ ಇವ್ರು. ಮಲಗೋವಾಗ ಹಲ್ಲಿನ ಸೆಟ್ಟು ತೆಗೆದು ನೀರಲ್ಲಿ ಇಡ್ತಾರೆ ಕಣಮ್ಮ. ಆಮೇಲೆ ಮುಖಾನೇ ಬೇರೆ.”

ಮೇಲೆ ಕೆಳಗೆ ಎರಡೂ ಕಟ್ಟಿಸಿದ ಹಲ್ಲು. ನಾನು ಕೇಳಿರಲೇ ಇಲ್ಲ. ತೆಗೆಯಿರಿ ಎಂದರೆ ಸಾಹೇಬರು ಒಪ್ಪಲಿಲ್ಲ. “ನನ್ನ ಮಕ್ಕಳೇ ನೋಡಿಲ್ಲ ಮೇಡಮ್.”

ಕಾಲೇಜಿನಲ್ಲಿದ್ದಾಗ ಸ್ಕೂಟರಿನಿಂದ ಬಿದ್ದು ನನ್ನ ಮುಂದಿನ ಎರಡು ಹಲ್ಲು ಹೋಗಿದ್ದವು. ಆಸ್ಪತ್ರೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಬಾಗಿಲು ಹಾಕಿ, ನನ್ನ ಕಟ್ಟಿಸಿದ ಹಲ್ಲನ್ನು ತೆಗೆದು ಸ್ಟೀಲ್ ಟ್ರೇಯಲ್ಲಿಟ್ಟೆ. “ಈಗ ನೀವು” ಎಂದೆ. ಮಾತು ತೊದಲಿತು. ಅವರು ನನ್ನನ್ನೇ ನೋಡಿದರು, ಮೆಲ್ಲಗೆ ನಕ್ಕರು. ಗೋಡೆ ಕಡೆ ತಿರುಗಿ ತಮ್ಮದನ್ನೂ ತೆಗೆದರು.

ಮಲಗಿಸಿ ಮಾಸ್ಕ್ ಇಟ್ಟೆ. ತುಟಿ, ಕೆನ್ನೆ ಒಳಗೆ ಹೋಗಿ ಕೆಳಗಿನ ಅಂಚು ಮುಖಕ್ಕೆ ತಾಗುತ್ತಲೇ ಇರಲಿಲ್ಲ. ಪಟ್ಟಿ ಬಿಗಿದಷ್ಟೂ ಮೇಲಿನ ಅಂಚು ಎದ್ದು ಗಾಳಿ ನೇರ ಕಣ್ಣಿಗೆ. ಅವರು ನಿದ್ದೆ ಮಾಡದ ಮುಖಕ್ಕೆ ನಾನು ಅಳತೆ ತೆಗೆದಿದ್ದೆ. ಕೈಮುಗಿದು ತಪ್ಪಾಯಿತು ಎಂದೆ.

ಹಲ್ಲು ಹಾಕಿಕೊಂಡೇ ಮಲಗಬಹುದೇ ಎಂದು ದಂತವೈದ್ಯರನ್ನು ಕೇಳಿದೆ. ಇವರ ಒಸಡಿಗೆ ರಾತ್ರಿ ಬಿಡುವು ಬೇಕೇ ಬೇಕು ಎಂದರು. ಹಾಗಾಗಿ ತುಟಿಯ ಆಸರೆಯೇ ಬೇಡದ, ಮೂಗಿನ ಹೊಳ್ಳೆಗಷ್ಟೇ ಕೂರುವ ನೇಸಲ್ ಪಿಲ್ಲೋ ಎಂಬ ಪುಟ್ಟ ಮಾಸ್ಕನ್ನು ಬೆಂಗಳೂರಿನಿಂದ ತರಿಸಿದೆ. ಬಾಯಿ ತೆರೆಯದಂತೆ ಗಲ್ಲಕ್ಕೊಂದು ಮೆತ್ತನೆಯ ಪಟ್ಟಿ.

ಮುಂದಿನ ವಾರ ಮಧ್ಯಾಹ್ನ, ಹಲ್ಲು ತೆಗೆಸಿ, ಮಲಗಿಸಿ, ಯಂತ್ರ ಹಚ್ಚಿದೆ. ಇಪ್ಪತ್ತು ನಿಮಿಷದಲ್ಲಿ ಸಾಹೇಬರಿಗೆ ನಿದ್ದೆ ಹತ್ತಿತು. ಜೈಬುನ್ನಮ್ಮ ಸ್ಟೂಲಿನ ಮೇಲೆ ಕೂತು ಗಂಡನ ಎದೆಯನ್ನೇ ನೋಡುತ್ತಿದ್ದರು.

“ಉಸ್ರು ನಿಲ್ತಾನೇ ಇಲ್ಲ ಕಣಮ್ಮ” ಎಂದು ಪಿಸುಗುಟ್ಟಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೂರು ತಿಂಗಳ ನಂತರ ಡಾಕ್ಟರ್ ಮತ್ತೆ ಪರೀಕ್ಷಿಸಿ, ಸಾಹೇಬರು ಇನ್ನು ಜೀಪ್ ಓಡಿಸಬಹುದು ಎಂದರು. ರೈಟರು ಕೀಲಿಯನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲವಂತೆ.

ನಿವೃತ್ತಳಾಗುವವರೆಗೂ ನಾನು ಯಾರಿಗೂ ಕೂರಿಸಿ ಮಾಸ್ಕ್ ಹಾಕಲಿಲ್ಲ, ಮಲಗಿಸಿಯೇ ಹಾಕಿದೆ. ಬಂದವರಿಗೆ ನನ್ನ ಮೊದಲ ಪ್ರಶ್ನೆ ಒಂದೇ: “ಮಲಗುವ ಮುಂಚೆ ಏನೇನು ತೆಗೆದಿಡ್ತೀರಿ?” ಅದನ್ನು ನನಗೆ ಕಲಿಸಿದವರು ಜೈಬುನ್ನಮ್ಮ. ಯಾವ ತರಬೇತಿಯಲ್ಲೂ ಅದು ಇರಲಿಲ್ಲ.