ಅಂಗೈಯಲ್ಲಿ ಹಿಮ್ಮಡಿ

ಸೇಡಂನಲ್ಲಿ ನನ್ನ ಹೆರಿಗೆ ಮಾಡಿಸಿದ ನರ್ಸಬಾಯಿ, ದಿನ ತುಂಬದೆ ಹುಟ್ಟಿದ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚುವ ಮೊದಲು ಅದನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ರಕ್ತದ ಹನಿಯನ್ನು ಪರೀಕ್ಷೆಯ ಕಾಗದಕ್ಕೆ ಒತ್ತಿ ತಾಯಿಗೆ ಹೇಳುತ್ತಿದ್ದುದು ಒಂದೇ ಮಾತು: “ಇನ್ನೊಮ್ಮೆ ಬರ್ರಿ.”

ನನ್ನ ಮಗಳು ಎಂಟನೇ ತಿಂಗಳಿಗೇ ಹುಟ್ಟಿದವಳು. ಥೈರಾಯ್ಡ್ ವರದಿ ಸರಿಯಾಗಿಯೇ ಬಂತು.

“ಇಂಥ ಕೂಸಿಂದು ಮೊದಲ ವರದಿ ನಂಬಬಾರದ್ರಿ. ಮೂರು ವಾರ ಬಿಟ್ಟು ಮತ್ತ ನೋಡಬೇಕು. ಥೈರಾಯ್ಡ್ ಕಮ್ಮಿ ಇದ್ದರ ಮಿದುಳು ಬೆಳೆಯಂಗಿಲ್ಲ. ಆವಾಗೇ ಗೊತ್ತಾದರ ದಿನಕ್ಕೊಂದು ಗುಳಿಗಿ ಸಾಕು,” ಎಂದರು. ನಾನು ತಲೆಯಾಡಿಸಿ ಕಾಳಗಿಯ ತವರಿಗೆ ಹೋದೆ.

ಮೂರು ವಾರ ಕಳೆದರೂ ನಾವು ಹೋಗಲಿಲ್ಲ. ಒಂದು ಮಧ್ಯಾಹ್ನ ಅವರೇ ಬಸ್ಸು ಹಿಡಿದು ಬಂದರು. ಅವ್ವ ಬಾಗಿಲಲ್ಲೇ ತಡೆದಳು.

“ಹಸಿ ಬಾಣಂತಿ ಅದಾಳ್ರಿ, ಹೊರಗಿನವರು ಒಳಗ ಬರಬಾರದು. ವರದಿ ಛಲೋ ಬಂದಾದ, ಮತ್ಯಾಕ ಚುಚ್ಚತೀರಿ? ಭಾಳ ಶಾಣ್ಯಾ ಕೂಸು, ಅಳೋದೇ ಇಲ್ಲ.”

ಅಳದ ಕೂಸೆಂದು ಕೇಳಿ ನರ್ಸಬಾಯಿಯ ಮುಖ ಸಣ್ಣದಾಯಿತು. ಅಳದಿರುವುದೂ ಥೈರಾಯ್ಡ್ ಕಮ್ಮಿಯ ಗುರುತೆಂದು ನನಗೆ ತಿಳಿದದ್ದು ಆಮೇಲೆ. ಒಳಗಿದ್ದ ನಾನು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅವರು ಹೊಸ್ತಿಲಾಚೆಯಿಂದಲೇ ನನ್ನತ್ತ ನೋಡಿ, “ಇನ್ನೊಮ್ಮೆ ಬರ್ರಿ,” ಎಂದು ಹೊರಟುಹೋದರು.

ಮೂರನೇ ವರ್ಷಕ್ಕೆ ಕಾಯಿಲೆ ತಿಳಿದು ಗುಳಿಗೆ ಶುರುವಾಯಿತು. ಈಗ ಮಗಳಿಗೆ ಐದು ತುಂಬಿದೆ, ಇನ್ನೂ ‘ಅವ್ವ’ ಅನ್ನಲು ಬಾರದು.

ಮೊನ್ನೆ ಚಿತ್ತಾಪುರ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕರು. ನೆಲಕ್ಕೆ ಕೂತು, ಮಗಳ ಚಪ್ಪಲಿ ತೆಗೆದು, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡರು. ನಮ್ಮ ಬಸ್ಸು ಬಂದು ನಿಂತರೂ ನಾನು ಹತ್ತದೆ ಕಾದೆ. ಇನ್ನೊಮ್ಮೆ ಬರ್ರಿ ಎಂದು ಅವರು ಅನ್ನಲಿಲ್ಲ.